ಥ್ವೇಟ್ಸ್ ಹಿಮನದಿಯ ಮುಂದಿನ ಕಡಲತಳವನ್ನು ಓದುವ ಬಗೆ

ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಹರವು ಸುಮಾರು 1,92,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕರ್ನಾಟಕದಷ್ಟು. ಅದರ ಬುಡ ಸಮುದ್ರಮಟ್ಟಕ್ಕಿಂತ ಕೆಳಗಿದ್ದು, ಒಳಹೋದಂತೆಲ್ಲ ಇನ್ನೂ ಆಳವಾಗುತ್ತದೆ. ಇಂಥ ನೆಲದ ಮೇಲಿನ ಹಿಮ ಒಮ್ಮೆ ಹಿಂಜರಿಯತೊಡಗಿದರೆ ನಿಲ್ಲುವುದು ಕಷ್ಟವೆಂಬ ವಾದ 1970ರ ದಶಕದಿಂದಲೂ ಇದೆ. ಉಪಗ್ರಹಗಳ ದಾಖಲೆ ಕೆಲವೇ ದಶಕಗಳದ್ದಾದ್ದರಿಂದ, ಅದಕ್ಕೂ ಹಿಂದಿನ ಸ್ಥಿತಿಯನ್ನು ತಿಳಿಯಲು ಹಿಮ ತೆರವು ಮಾಡಿದ ಕಡಲತಳವನ್ನೇ ನೋಡಬೇಕು.

ಇಲ್ಲಿ ಮುಖ್ಯವಾದುದು ಗ್ರೌಂಡಿಂಗ್ ಲೈನ್, ಎಂದರೆ ನೆಲಕ್ಕೆ ಕೂತ ಹಿಮವು ತೇಲತೊಡಗುವ ಗಡಿ. ಈ ಗಡಿ ಬಹುಕಾಲ ಒಂದೇ ಕಡೆ ನಿಂತರೆ, ಹಿಮ ಹೊತ್ತು ತಂದ ಮಣ್ಣುಕಲ್ಲು ಅಲ್ಲಿಯೇ ಬೆಣೆಯಾಕಾರದಲ್ಲಿ ಪೇರಿಕೊಳ್ಳುತ್ತದೆ. ಆದರೆ ದೊಡ್ಡ ಬೆಣೆ ಕಂಡಕೂಡಲೇ ದೀರ್ಘ ನಿಲುಗಡೆ ಎಂದು ತೀರ್ಮಾನಿಸಬಾರದು. ಮಣ್ಣಿನ ಪೂರೈಕೆ ಹೆಚ್ಚಿದ್ದರೆ ಕಡಿಮೆ ಕಾಲದಲ್ಲೂ ಅದು ಬೆಳೆಯಬಲ್ಲದು.

ಹಿನ್ನಡೆಯ ಗುರುತು ಇದಕ್ಕಿಂತ ತೀರ ಸೂಕ್ಷ್ಮ. 2019ರಲ್ಲಿ ರಾನ್ ಎಂಬ ಮಾನವರಹಿತ ಜಲಾಂತರ ವಾಹನವು ಥ್ವೇಟ್ಸ್ ಮುಂದಿನ ತಳದ ಒಂದು ಉಬ್ಬಿನ ಮೇಲೆ ಸೋನಾರ್ (ಶಬ್ದದ ಅಲೆಗಳಿಂದ ತಳವನ್ನು ಅಳೆಯುವ ಸಾಧನ) ಹಾಯಿಸಿದಾಗ, ಒಂದು ಮೀಟರಿಗಿಂತಲೂ ಕಡಿಮೆ ಎತ್ತರದ 160ಕ್ಕೂ ಹೆಚ್ಚು ಏಣುಗಳು ಸಾಲಾಗಿ ಕಂಡವು. ಕಡಲ ಇಳಿತದ ವೇಳೆ ಹಿಮದ ಅಂಚು ಕೆಸರಿನ ಮೇಲೆ ಕೂತು ಅದನ್ನು ಹಿಂಡಿ ಏಣಾಗಿಸುತ್ತದೆ, ಉಬ್ಬರದಲ್ಲಿ ಮೇಲೆದ್ದು, ಮುಂದಿನ ಇಳಿತದಲ್ಲಿ ಇನ್ನಷ್ಟು ಹಿಂದೆ ಸರಿದು ಕೂರುತ್ತದೆ. ದಿನಕ್ಕೊಂದು ಏಣು ಮೂಡಿತೆಂಬುದಕ್ಕೆ ಅವುಗಳ ಎತ್ತರವೇ ಸಾಕ್ಷಿ: ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರವಿಳಿತಕ್ಕೆ ತಕ್ಕಂತೆ ಅದು ಸುಮಾರು ಹದಿನೈದು ದಿನಗಳಿಗೊಮ್ಮೆ ಹೆಚ್ಚುತ್ತ ಕುಗ್ಗುತ್ತ ಸಾಗುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತ್ಯಂತ ಸುಂದರವಾದ ತರ್ಕ ಇದು, ಏಕೆಂದರೆ ಏಣುಗಳ ನಡುವಿನ ಅಂತರವೇ ದಿನವೊಂದರ ಹಿನ್ನಡೆಯಾಗುತ್ತದೆ. ಆ ಲೆಕ್ಕದಂತೆ, ಕಳೆದ 200 ವರ್ಷಗಳೊಳಗೆ ಯಾವಾಗಲೋ ಸುಮಾರು ಐದೂವರೆ ತಿಂಗಳ ಕಾಲ, ಈ ಹಿಮ ವರ್ಷಕ್ಕೆ 2.1 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹಿಂಜರಿದಿತ್ತು.

ನಾರ್ವೆಯ ಕಡಲತಳದ ಇಂಥದೇ ಏಣುಗಳು, ಕಳೆದ ಹಿಮಯುಗದ ಕೊನೆಯಲ್ಲಿ ದಿನಕ್ಕೆ 55ರಿಂದ 610 ಮೀಟರ್ ಹಿನ್ನಡೆಯಾದುದನ್ನು ತೋರಿಸುತ್ತವೆ. ಅತಿ ವೇಗ ಕಂಡದ್ದು ನೆಲ ತೀರ ಸಪಾಟಾಗಿದ್ದಲ್ಲಿ. ಹಿನ್ನಡೆಯ ವೇಗ ಹೀಗೆ ನೆಲದ ರೂಪಕ್ಕೆ ತಕ್ಕಂತೆ ಬದಲಾಗುವುದರಿಂದ, ಹಿಮದ ಸ್ಥಿರತೆಯನ್ನು ಸರಾಸರಿ ವೇಗದಿಂದ ಅಳೆಯುವುದು ಸಾಲದು. ಥ್ವೇಟ್ಸ್‌ನ ಆ ಓಟವೂ ಹಿಮವನ್ನು ತಡೆದಿಟ್ಟಿದ್ದ ಉಬ್ಬಿನಿಂದ ಅದು ಕಳಚಿಕೊಳ್ಳುವಾಗಲೇ ನಡೆದದ್ದು. ಈಗ ಆತುಕೊಂಡಿರುವ ಏರುಗಳಿಂದಲೂ ಕಳಚಿದಾಗ ಅಂಥ ಓಟ ಮರುಕಳಿಸುವ ಸಂಭವವಿದೆ.