ಸಣ್ಣ ಉರಿಯಲ್ಲಿ ಗೊತ್ತಾಗುತ್ತದೆ ಒಲೆಯ ಗುಣ

ಹಳೆ ಒಲೆ ಯಾವುದೇ ಕೈಗೆ ಸಿಗಲಿ, ನಾನು ಮೊದಲು ಅದರ ಮೇಲೆ ಅರ್ಧ ಲೀಟರ್ ಹಾಲು ಇಡುತ್ತೇನೆ. ಹಾಲು ಉಕ್ಕಬಾರದು, ತಳ ಹಿಡಿಯಬಾರದು, ಅರ್ಧ ಗಂಟೆ ಸುಮ್ನೆ ಕಾಯುತ್ತಾ ಇರಬೇಕು. ನೀರು ಎಷ್ಟು ಬೇಗ ಕುದಿಯಿತು ಅನ್ನುವುದನ್ನು ಆಮೇಲೆ ನೋಡುತ್ತೇನೆ. ಅಡುಗೆಮನೆ ಉಪಕರಣಗಳ ವಿನ್ಯಾಸ ನನ್ನ ಕಸುಬು, ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಬೆಂಗಳೂರಿನ ನನ್ನ ಕೆಲಸದ ಕೋಣೆಯಲ್ಲಿ ಒಂದು ಗೋಡೆ ತುಂಬಾ ಹಳೆ ಸ್ಟೌಗಳಿವೆ. ಬಿಚ್ಚಿ, ತೊಳೆದು, ಮತ್ತೆ ಉರಿಸಿ ನೋಡಿದ್ದೇನೆ. ದೊಡ್ಡ ಉರಿ ಎಲ್ಲ ಒಲೆಯೂ ಕೊಡುತ್ತದೆ. ಉರಿ ಇಳಿಸಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರಲ್ಲೇ ವಿನ್ಯಾಸ ಮಾಡಿದವರ ಯೋಚನೆ ಕಾಣುತ್ತದೆ.

ಪಂಪ್ ಸ್ಟೌನಿಂದ ಶುರು ಮಾಡುತ್ತೇನೆ, ಯಾಕೆಂದರೆ ಜನ ಜಾಸ್ತಿ ತರುವುದು ಅದನ್ನೇ. ಅಜ್ಜಿಯದು, ಅಟ್ಟದ ಮೇಲಿತ್ತು, ಉರಿಯುತ್ತಾ ನೋಡಿ ಅನ್ನುತ್ತಾರೆ. ಇದರ ಮೂಲ ಸ್ವೀಡನ್. 1892ರಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಸ್ಟೌ. ನಮ್ಮ ಮನೆಗಳಿಗೆ ಬಂದ ಹಿತ್ತಾಳೆ ಸ್ಟೌಗಳೆಲ್ಲ ಹೆಚ್ಚುಕಮ್ಮಿ ಅದೇ ವಂಶದವು. ಕೆಳಗೆ ಟ್ಯಾಂಕು, ಪಕ್ಕದಲ್ಲಿ ಪಂಪು, ಮೇಲೆ ಬರ್ನರ್. ಪಂಪು ಹೊಡೆದರೆ ಒಳಗಿನ ಗಾಳಿ ಸೀಮೆಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಬರ್ನರ್‌ನ ಕೊಳವೆಗಳು ಉರಿಯ ಮಧ್ಯದಲ್ಲೇ ಹಾದು ಬರುವುದರಿಂದ ಎಣ್ಣೆ ಅಲ್ಲಿ ಆವಿಯಾಗುತ್ತದೆ, ಆ ಆವಿ ನಿಪ್ಪಲ್‌ನ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿ, ಮೇಲಿನ ತಟ್ಟೆಗೆ ಬಡಿದು, ಗಾಳಿಯ ಜೊತೆ ಬೆರೆತು ನೀಲಿಯಾಗಿ ಉರಿಯುತ್ತದೆ. ತನ್ನ ಉರಿಯಿಂದಲೇ ತನ್ನ ಎಣ್ಣೆಯನ್ನು ಆವಿ ಮಾಡಿಕೊಳ್ಳುವ ಈ ಉಪಾಯವನ್ನು ನಾನು ಎಷ್ಟು ಸಲ ನೋಡಿದರೂ ಮನಸ್ಸು ತುಂಬುತ್ತದೆ. 1911ರಲ್ಲಿ ಅಮುಂಡ್ಸನ್ ತಂಡ ದಕ್ಷಿಣ ಧ್ರುವಕ್ಕೆ ಹೋದಾಗ ಹಿಮ ಕರಗಿಸಿದ್ದು ಪ್ರೈಮಸ್ ಸ್ಟೌ ಮೇಲೆ.

ಇನ್ನೊಂದು ವಿಷಯ ಬಹಳ ಜನ ಗಮನಿಸಿರುವುದಿಲ್ಲ. ಆ ಹಳೆ ಮಾದರಿಯಲ್ಲಿ ಉರಿ ಹೆಚ್ಚುಕಮ್ಮಿ ಮಾಡುವ ಗುಂಡಿಯೇ ಇಲ್ಲ. ಎಣ್ಣೆ ತುಂಬುವ ಮುಚ್ಚಳದ ಹತ್ತಿರ ಗಾಳಿ ಬಿಡುವ ಒಂದು ಸಣ್ಣ ತಿರುಪು ಇರುತ್ತದೆ, ಅಷ್ಟೇ. ಅದನ್ನು ಬಿಚ್ಚಿದರೆ ಒತ್ತಡ ಹೋಗಿ ಸ್ಟೌ ಆರುತ್ತದೆ. ಆರಿಸುವುದಕ್ಕೆ ಇದಕ್ಕಿಂತ ನಂಬಿಕೆಯ ಉಪಾಯ ಇನ್ನೊಂದಿಲ್ಲ, ಯಾಕೆಂದರೆ ಬಿಸಿ ತಾಗಿ ಹಿಡಿದುಕೊಳ್ಳುವಂಥ ಕವಾಟವೇ ಅಲ್ಲಿಲ್ಲ.

ಆದರೆ ಹಾಲು ಇಟ್ಟು ನೋಡಿ. ಉರಿ ಇಳಿಸಬೇಕು ಅಂದರೆ ಸ್ವಲ್ಪ ಗಾಳಿ ಬಿಡಬೇಕು. ಸ್ವಲ್ಪ ಅನ್ನುವುದು ಎಷ್ಟು ಅಂತ ಬೆರಳಿಗೆ ಅಭ್ಯಾಸ ಆಗುವವರೆಗೆ ಒಂದೋ ಉರಿ ಹಾಗೇ ಇರುತ್ತದೆ, ಇಲ್ಲಾ ಆರಿಯೇ ಹೋಗುತ್ತದೆ. ತೀರಾ ಇಳಿಸಿದರೆ ಬರ್ನರ್ ತಣ್ಣಗಾಗಿ ಎಣ್ಣೆ ಆವಿಯಾಗುವುದಿಲ್ಲ, ದ್ರವವಾಗಿಯೇ ಮೇಲೆ ಬರುತ್ತದೆ, ಆಗ ದೊಡ್ಡ ಹಳದಿ ಜ್ವಾಲೆ ಭಗ್ ಅಂತ ಏಳುತ್ತದೆ. ನಮ್ಮ ಮನೆಯಲ್ಲಿ ಒಂದು ದಿನ ಹಾಗೇ ಆಗಿ ಅಮ್ಮನ ಸೆರಗಿಗೆ ಬೆಂಕಿ ತಾಗಿತ್ತು. ಪಕ್ಕದಲ್ಲೇ ನೀರಿನ ಕೊಡ ಇದ್ದುದರಿಂದ ಉಳಿದುಕೊಂಡೆವು. ನನಗೆ ಆಗ ಒಂಬತ್ತು ವರ್ಷ. ಸಣ್ಣ ಉರಿಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಆ ದಿನವೂ ಒಂದು ಕಾರಣ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಚಿಕ್ಕವನಾಗಿದ್ದಾಗ ಪೇಪರ್‌ನಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಅನ್ನುವ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಸ್ಟೌ ಅಪಘಾತಗಳು ನಿಜವಾಗಿಯೂ ಆಗುತ್ತಿದ್ದವು: ಉರಿಯುವಾಗಲೇ ಎಣ್ಣೆ ತುಂಬುವುದು, ನಿಪ್ಪಲ್ ಕಟ್ಟಿದ್ದರೂ ಪಂಪು ಹೊಡೆಯುತ್ತಲೇ ಇರುವುದು, ಎಣ್ಣೆಯಲ್ಲಿ ಪೆಟ್ರೋಲ್ ಬೆರೆತಿರುವುದು. ಆದರೆ ಸುಸ್ಥಿತಿಯಲ್ಲಿರುವ ಹಿತ್ತಾಳೆ ಟ್ಯಾಂಕ್ ತಾನಾಗಿ ಬಾಂಬಿನ ಹಾಗೆ ಸಿಡಿಯುವುದು ಅಪರೂಪ. ಒತ್ತಡ ಜಾಸ್ತಿಯಾದರೆ ಸಾಮಾನ್ಯವಾಗಿ ಮೊದಲು ಸೋರುವುದು ಮುಚ್ಚಳದ ವಾಷರ್, ಇಲ್ಲವೇ ಬೆಸುಗೆ. ಸ್ಟೌ ಯಾವಾಗಲೂ ಎಳೆ ವಯಸ್ಸಿನ ಸೊಸೆಯ ಮೇಲೇ ಯಾಕೆ ಸಿಡಿಯುತ್ತದೆ ಅಂತ ಆ ಕಾಲದ ಮಹಿಳಾ ಸಂಘಟನೆಗಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. 1986ರಲ್ಲಿ ವರದಕ್ಷಿಣೆ ಸಾವು ಪ್ರತ್ಯೇಕ ಅಪರಾಧವಾಗಿ ಕಾನೂನಿಗೆ ಸೇರಿತು. ಎಷ್ಟೋ ಕೊಲೆಗಳ ಹೊಣೆಯನ್ನು ಈ ಸ್ಟೌ ತಲೆಗೆ ಕಟ್ಟಿದರು. ಒಂದು ವಸ್ತುವಿನ ವಿನ್ಯಾಸದ ಬಗ್ಗೆ ಬರೆಯುವವರು ಅದನ್ನೂ ಬರೆಯಬೇಕು.

ಬತ್ತಿ ಸ್ಟೌ ಹಾಲಿನ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಎಂಟೋ ಹತ್ತೋ ಬತ್ತಿಗಳು ಎಣ್ಣೆ ಹೀರಿ ಮೇಲೆ ತರುತ್ತವೆ, ತೂತು ತೂತಿನ ಎರಡು ತಗಡಿನ ಕೊಳವೆಗಳ ನಡುವೆ ಆ ಆವಿ ಉರಿಯುತ್ತದೆ. ಸದ್ದಿಲ್ಲ, ಪಂಪಿಲ್ಲ. ಹಿಡಿ ತಿರುಗಿಸಿದರೆ ಬತ್ತಿಗಳು ಒಟ್ಟಿಗೆ ಇಳಿಯುತ್ತವೆ, ಅದರ ಹಿಂದೆ ಉರಿಯೂ ಇಳಿಯುತ್ತದೆ. ಇಂಡಿಯನ್ ಆಯಿಲ್‌ನ ಫರೀದಾಬಾದ್ ಸಂಶೋಧನಾ ಕೇಂದ್ರ 1970ರ ದಶಕದಲ್ಲಿ ರೂಪಿಸಿದ 'ನೂತನ್' ಸ್ಟೌ ಈ ಜಾತಿಯದು. ಎಣ್ಣೆ ಉಳಿಸುವುದೇ ಅದರ ಉದ್ದೇಶ. ಉರಿ ಅಗಲವಾಗಿ, ಉಂಗುರದ ಹಾಗೆ ಹರಡುವುದರಿಂದ ದೋಸೆ ಕಾವಲಿಗೂ ಚೆನ್ನ. ಪಂಪ್ ಸ್ಟೌ ಮೇಲೆ ದೋಸೆ ನಡುವೆ ಸೀದು ಅಂಚಿನಲ್ಲಿ ಬೆಳ್ಳಗೆ ಉಳಿಯುತ್ತಿದ್ದುದು ಹಲವರಿಗೆ ನೆನಪಿರಬೇಕು ಅಲ್ವಾ?

ಇದರ ಕಷ್ಟ ಬೇರೆ ಕಡೆ ಇದೆ. ಬತ್ತಿಗಳೆಲ್ಲ ಒಂದೇ ಮಟ್ಟದಲ್ಲಿರಬೇಕು. ಒಂದು ಬತ್ತಿ ಎರಡು ಎಳೆ ಮೇಲಿದ್ದರೂ ಆ ಕಡೆ ಹಳದಿ ಉರಿ, ಪಾತ್ರೆಯ ಆ ಮಗ್ಗುಲಿಗೇ ಮಸಿ. ಮಸಿ ಎಲ್ಲಿ ಹಿಡಿದಿದೆ ಅಂತ ನೋಡಿ ಯಾವ ಬತ್ತಿ ಕತ್ತರಿಸಬೇಕು ಅಂತ ಹೇಳಿಬಿಡಬಹುದು. ಆರಿಸಿದ ಮೇಲೆ ಬರುವ ವಾಸನೆಗಂತೂ ಪರಿಹಾರವೇ ಇರಲಿಲ್ಲ. ಊದಿ ಆರಿಸಿದರೆ ಬಿಳಿ ಹೊಗೆ ಮನೆ ತುಂಬಾ.

ಈಗ ಮಣ್ಣಿನ ಒಲೆಗೆ ಬರೋಣ. ನಮ್ಮ ತುಮಕೂರು ಕಡೆಯ ಕೋಡೊಲೆಯನ್ನೇ ತೆಗೆದುಕೊಳ್ಳಿ. ಮುಂದೆ ದೊಡ್ಡ ಬಾಯಿ, ಪಕ್ಕದಲ್ಲೋ ಹಿಂದೆಯೋ ಇನ್ನೊಂದು ಸಣ್ಣ ಬಾಯಿ, ಅದೇ ಕೋಡು. ಮುಂದೆ ಅನ್ನವೋ ಮುದ್ದೆಯೋ ಬೇಯುವಾಗ ಮಿಕ್ಕ ಶಾಖ ಕೋಡಿಗೆ ಹೋಗುತ್ತದೆ, ಅಲ್ಲಿ ಸಾರು ಬಿಸಿಯಾಗಿರುತ್ತದೆ. ಸಣ್ಣ ಉರಿಗೆ ಅಂತಲೇ ಒಂದು ಜಾಗ ಮಾಡಿಟ್ಟ ಒಲೆ ಇದು. ಸೌದೆ ಹೊರಗೆ ಎಳೆದರೆ ಉರಿ ಕಡಿಮೆ, ಒಳಗೆ ತಳ್ಳಿದರೆ ಜಾಸ್ತಿ. ಪೂರ್ತಿ ಎಳೆದುಬಿಟ್ಟರೆ ಕೆಂಡ. ಕೆಂಡದ ಮೇಲೆ ಮಧ್ಯಾಹ್ನವೆಲ್ಲ ಕಾದ ಹಾಲಿನ ಕೆನೆ ಕೆಂಪಗೆ, ರೊಟ್ಟಿಯಷ್ಟು ದಪ್ಪ. ನನ್ನ ಹಾಲಿನ ಪರೀಕ್ಷೆ ಹುಟ್ಟಿದ್ದೇ ಆ ಕೆನೆಯ ನೆನಪಿನಿಂದ.

ಮುದ್ದೆ ಇನ್ನೂ ಕಠಿಣ ಪರೀಕ್ಷೆ. ಹಿಟ್ಟು ಹಾಕಿದ ಮೇಲೆ ಕೋಲಿನಿಂದ ಮೈಬಲವೆಲ್ಲ ಬಿಟ್ಟು ತಿರುವಬೇಕು, ಪಾತ್ರೆ ಅಲ್ಲಾಡಬಾರದು. ಮಣ್ಣಿನ ಒಲೆಯಲ್ಲಿ ಪಾತ್ರೆ ಮೂರು ಗುಬ್ಬಿಗಳ, ಅಂದರೆ ಬಾಯಿಯ ಸುತ್ತಲಿನ ಮಣ್ಣಿನ ಉಬ್ಬುಗಳ, ನಡುವೆ ಕೂತಿರುತ್ತದೆ. ಒಲೆ ನೆಲಕ್ಕೆ ಹತ್ತಿರ, ತಿರುವುವವರ ಭಾರ ಮೇಲಿನಿಂದ ಬೀಳುತ್ತದೆ. ಪಂಪ್ ಸ್ಟೌನ ಮೂರು ಕಾಲಿನ ಮೇಲೆ ಮುದ್ದೆ ತಿರುವುವುದು ನಿಜಕ್ಕೂ ಅಪಾಯ. ಅಮ್ಮ ಪಾತ್ರೆ ಇಳಿಸಿ, ನೆಲದ ಮೇಲಿಟ್ಟು, ಕವೆಗೋಲಿನಿಂದ ಒತ್ತಿ ಹಿಡಿದು ತಿರುವುತ್ತಿದ್ದರು. ಎತ್ತರದ ತೊಂದರೆಯೂ ಇತ್ತು. ನೆಲದ ಮೇಲೆ ಇಟ್ಟು ಬಳಸುವಾಗ ಸರಿಯಾಗಿದ್ದ ಪಂಪ್ ಸ್ಟೌ ಕಡಪಾ ಕಲ್ಲಿನ ಕಟ್ಟೆ ಏರಿದಾಗ ಪಾತ್ರೆಯ ಬಾಯಿ ಎದೆಮಟ್ಟಕ್ಕೆ ಬಂತು. ಕುದಿಯುವ ಸಾರಿನೊಳಗೆ ಏನಿದೆ ಅಂತ ನೋಡಲು ಹೆಂಗಸರು ಮಣೆ ಹಾಕಿಕೊಂಡು ನಿಲ್ಲುತ್ತಿದ್ದರು.

ಹಾಗಂತ ಮಣ್ಣಿನ ಒಲೆಯನ್ನು ಹೊಗಳಿ ಕೂರುವ ಹಾಗಿಲ್ಲ. ಅದರ ಹೊಗೆ ತಿಂದ ಕಣ್ಣು, ಪುಪ್ಪುಸಗಳನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯಲು 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರ ಈ ಕಷ್ಟಕ್ಕೆ ಕೈ ಹಾಕಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಗ್ರಾಮ ಕೇಂದ್ರ ಇತ್ತು. ಅಸ್ತ್ರ ಒಲೆ ಬಂದದ್ದು 1980ರ ದಶಕದ ಆರಂಭದಲ್ಲಿ. ಮುಚ್ಚಿದ ಬೆಂಕಿಗೂಡು, ಕೆಳಗೆ ಜಾಲರಿ, ಸಾಲಾಗಿ ಮೂರು ಬಾಯಿ, ಕೊನೆಗೆ ಹೊಗೆಕೊಳವೆ. ಪರೀಕ್ಷೆಯಲ್ಲಿ ಶೇ 40ಕ್ಕೂ ಹೆಚ್ಚು ಶಾಖ ಪಾತ್ರೆಗೆ ಸೇರುತ್ತಿತ್ತು. ಎರಡನೇ, ಮೂರನೇ ಬಾಯಿಯಲ್ಲಿ ಸಣ್ಣ ಶಾಖ ತಾನಾಗಿ ಸಿಗುತ್ತಿತ್ತು, ಅಂದರೆ ಕೋಡೊಲೆಯ ಜಾಣತನವನ್ನೇ ವಿಜ್ಞಾನಿಗಳು ಲೆಕ್ಕ ಹಾಕಿ ಬೆಳೆಸಿದ್ದರು.

ನಾನು ನೋಡಿದ ಕೆಲವು ಮನೆಗಳಲ್ಲಿ ಅದು ಕೈಕೊಟ್ಟದ್ದು ಎಲ್ಲಿ ಗೊತ್ತಾ? ಪಾತ್ರೆ ಬಾಯಿಯ ಅಳತೆಗೆ ಸರಿಯಾಗಿರಬೇಕು, ಚಿಕ್ಕ ಪಾತ್ರೆ ಇಟ್ಟರೆ ಸುತ್ತ ಸಂದಿನಲ್ಲಿ ಹೊಗೆ. ಸೌದೆ ಸಣ್ಣಗೆ ಸೀಳಬೇಕು. ಹೊಗೆಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕು, ಇಲ್ಲದಿದ್ದರೆ ಹೊಗೆ ತಿರುಗಿ ಅಡುಗೆಮನೆಗೇ ಬರುತ್ತದೆ. ಆ ಕೆಲಸಕ್ಕೆ ಸೂರಿನ ಮೇಲೆ ಹತ್ತಬೇಕು. ಸೂರು ಹತ್ತುವವರು ಮನೆಯ ಗಂಡಸರು, ಹೊಗೆ ಕುಡಿಯುವವರು ಹೆಂಗಸರು. ಮಣ್ಣಿನ ಒಲೆ ಬಿರುಕು ಬಿಟ್ಟರೆ ಅಡುಗೆ ಮಾಡುವವರೇ ಕೆಮ್ಮಣ್ಣು, ಸೆಗಣಿ ಕಲಸಿ ಬಳಿದುಬಿಡುತ್ತಿದ್ದರು. ಪಂಪ್ ಸ್ಟೌನ ನಿಪ್ಪಲ್ ಕಟ್ಟಿದರೆ ಚುಚ್ಚಿ ಬಿಡಿಸುವ ಪಿನ್ನು ಕೂಡ ಅವರ ಕೈಯಲ್ಲೇ ಇತ್ತು. ಒಲೆ ಉಳಿಸಿಕೊಳ್ಳುವ ಕೆಲಸ ಬಳಸುವವರ ಕೈಗೆ ಎಟುಕದಿದ್ದರೆ ಎಷ್ಟು ಒಳ್ಳೆಯ ಲೆಕ್ಕಾಚಾರವೂ ಎರಡು ಮಳೆಗಾಲ ದಾಟುವುದಿಲ್ಲ.

ಗ್ಯಾಸ್ ಒಲೆ ಇಷ್ಟು ಬೇಗ ಗೆದ್ದದ್ದು ಹೊಗೆ ಇಲ್ಲ ಅಂತ ಮಾತ್ರ ಅಲ್ಲ. ಒಲೆ ತಗ್ಗಾಗಿದೆ, ಕಟ್ಟೆ ಮೇಲೆ ಪಾತ್ರೆ ಸರಿಯಾದ ಎತ್ತರಕ್ಕೆ ಬರುತ್ತದೆ. ಗುಂಡಿ ಕೊನೆಯವರೆಗೆ ತಿರುಗಿಸಿದರೆ ಒಳಗಿನ ಕವಾಟದಲ್ಲಿ ಬೇರೆಯಾಗಿ ಕೊರೆದ ಒಂದು ಸಣ್ಣ ತೂತಿನಿಂದ ಮಾತ್ರ ಗ್ಯಾಸು ಬರುತ್ತದೆ. ಇದೇ 'ಸಿಮ್'. ಕಣ್ಣು ಬೇಡ, ಅಂದಾಜು ಬೇಡ, ಕೈಗೇ ಗೊತ್ತಾಗುತ್ತದೆ.

ಅಟ್ಟದ ಮೇಲಿನ ಪಂಪ್ ಸ್ಟೌ ಉರಿಸಬೇಕು ಅನ್ನುವವರಿಗೆ ಇಷ್ಟು ಹೇಳುತ್ತೇನೆ. ಮೊದಲು ಪಂಪಿನ ಚರ್ಮದ ವಾಷರ್ ಹೊರಗೆ ತೆಗೆಯಿರಿ. ಒಣಗಿ ಮುದುಡಿದ್ದರೆ ಒಂದು ರಾತ್ರಿ ಎಣ್ಣೆಯಲ್ಲಿ (ಸೀಮೆಎಣ್ಣೆಯಲ್ಲಲ್ಲ) ನೆನೆಸಿ, ಬೆರಳಿನಿಂದ ಬಟ್ಟಲಿನ ಹಾಗೆ ಅಗಲಿಸಿ. ಮುಚ್ಚಳದ ರಬ್ಬರ್ ವಾಷರ್ ಹೊಸದು ಹಾಕಿ. ಟ್ಯಾಂಕು ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ, ಸೀಮೆಎಣ್ಣೆ ಬಿಟ್ಟು ಬೇರೇನೂ ಹಾಕಬೇಡಿ. ಬೆಂಕಿ ಹಚ್ಚುವ ಮೊದಲು ನಾಲ್ಕೈದು ಸಲ ಪಂಪು ಹೊಡೆದು, ಬೆಸುಗೆಯ ಮೇಲೆಲ್ಲ ಸೋಪಿನ ನೊರೆ ಸವರಿ. ಗುಳ್ಳೆ ಎದ್ದರೆ ಅದನ್ನು ಶೋಕೇಸಿಗೆ ಇಡಿ. ಏಳದಿದ್ದರೆ ಅಂಗಳಕ್ಕೆ ತನ್ನಿ, ಮನೆಯೊಳಗೆ ಬೇಡ. ಹತ್ತಿರ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ, ಗಾಳಿ ಬಿಡುವ ತಿರುಪು ಕೈಯಲ್ಲಿ ಸಲೀಸಾಗಿ ತಿರುಗುತ್ತದಾ ನೋಡಿ, ಒಳಗಿನ ಗಾಳಿ ಬಿಟ್ಟು, ಆಮೇಲೆ ಮೊದಲು ಬರ್ನರ್ ಬಿಸಿ ಮಾಡಿಕೊಳ್ಳಲು ಕಡ್ಡಿ ಗೀರಿ.