ಅರೆ ನೆರಳಿನ ಹಿತ್ತಲಿಗೂ ಚಿಟ್ಟೆ ಬರುತ್ತದೆ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಹಿತ್ತಲು ಅಂದರೆ ಹೆಚ್ಚಾಗಿ ಅರ್ಧ ನೆರಳು. ಒಂದು ತೆಂಗು, ಒಂದು ಮಾವು, ಜೊತೆಗೆ ಪಕ್ಕದವರು ಏರಿಸಿದ ಎರಡನೇ ಮಹಡಿ. ಸರಸ್ವತಿಪುರಂ ಆಗಲಿ, ಒಂಟಿಕೊಪ್ಪಲ್ ಆಗಲಿ, ದಿನಕ್ಕೆ ಎರಡು ಮೂರು ಗಂಟೆ ಬಿಸಿಲು ಬಿದ್ದರೆ ಪುಣ್ಯ. ಇಂಥ ಮನೆಯವರು ಚಿಟ್ಟೆಯ ಮಾತು ಬಂದ ತಕ್ಷಣ ಕೈ ಚೆಲ್ಲುತ್ತಾರೆ. ಬಿಸಿಲೇ ಇಲ್ಲ, ಹೂವೇ ಸರಿಯಾಗಿ ಬಿಡಲ್ಲ, ಚಿಟ್ಟೆ ಎಲ್ಲಿಂದ ಬರಬೇಕು ಅನ್ನುತ್ತಾರೆ.

ಆದರೆ ಚಿಟ್ಟೆ ಹೂವಿಗೆ ಬರುವುದು ರೆಕ್ಕೆ ಬಂದ ಮೇಲೆ. ಅದಕ್ಕೂ ಮೊದಲು ಮೊಟ್ಟೆ, ಹುಳ, ಕೋಶ ಅಂತ ಮೂರು ಹಂತ ಕಳೆದಿರುತ್ತದೆ. ಹುಳಕ್ಕೆ ಬೇಕಾದದ್ದು ಎಲೆ. ಅದೂ ಯಾವುದೋ ಎಲೆ ಆಗುವುದಿಲ್ಲ. ಒಂದೊಂದು ಜಾತಿಗೆ ಒಂದೆರಡು, ಹೆಚ್ಚೆಂದರೆ ನಾಲ್ಕಾರು ಬಗೆಯ ಗಿಡ ಮಾತ್ರ. ಆ ಗಿಡ ಸಿಗದಿದ್ದರೆ ಹುಳ ಉಪವಾಸ ಸಾಯುತ್ತದೆಯೇ ಹೊರತು ಪಕ್ಕದ ಗಿಡ ಮುಟ್ಟುವುದಿಲ್ಲ. ಈ ಎಲೆಯ ಗಿಡಗಳಲ್ಲಿ ಎಷ್ಟೋ ಅರೆ ನೆರಳಿನಲ್ಲಿ ಸೊಂಪಾಗಿ ಬೆಳೆಯುತ್ತವೆ. ಹಾಗಾಗಿ ನೆರಳಿನ ಹಿತ್ತಲಿನವರು ಹೂವಿನಿಂದ ಶುರು ಮಾಡದೆ ಎಲೆಯಿಂದ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಗಿಡ ಕರಿಬೇವು. ಬಹಳ ಮನೆಗಳಲ್ಲಿ ಆಗಲೇ ಇರುತ್ತದೆ, ಅಲ್ವಾ? ಕಾಮನ್ ಮಾರ್ಮನ್ ಎಂಬ ದೊಡ್ಡ ಕಪ್ಪು ಚಿಟ್ಟೆ ಮೊಟ್ಟೆ ಇಡುವುದು ಕರಿಬೇವು, ನಿಂಬೆ, ಹೇರಳೆಯಂಥ ಗಿಡಗಳ ಮೇಲೆ. ಹೆಣ್ಣು ಬಂದಾಗ ಸ್ವಲ್ಪ ಹತ್ತಿರ ನಿಂತು ನೋಡಿ. ರೆಕ್ಕೆ ಬಡಿಯುತ್ತಲೇ ಮುಂಗಾಲಿನಿಂದ ಎಲೆಯನ್ನು ಪಟಪಟ ತಟ್ಟುತ್ತದೆ. ಅದು ರುಚಿ ನೋಡುವ ಬಗೆ. ಎಲೆಯ ರಾಸಾಯನಿಕ ಗುರುತಿಸುವ ಅಂಗ ಅದರ ಕಾಲಲ್ಲೇ ಇದೆ. ಇದೇ ಸರಿಯಾದ ಗಿಡ ಅಂತ ಗೊತ್ತಾದ ಮೇಲೆ ಹೊಟ್ಟೆ ಬಾಗಿಸಿ, ಎಳೇ ಕುಡಿಯ ಮೇಲೆ ತಿಳಿ ಹಳದಿ ಮೊಟ್ಟೆಯೊಂದನ್ನು ಅಂಟಿಸಿ, ಬೇರೆ ಕುಡಿಗೆ ಹಾರುತ್ತದೆ. ಮೊಟ್ಟೆ ಸುಮಾರು 1 ಮಿಲಿಮೀಟರ್ ಇರುತ್ತದೆ ಅಷ್ಟೆ.

ಕೆಲವೇ ದಿನಕ್ಕೆ ಹೊರಬರುವ ಮರಿಹುಳ ಥೇಟ್ ಹಕ್ಕಿಯ ಹಿಕ್ಕೆ. ಕಂದು ಮೈ, ನಡುವೆ ಬಿಳಿ ಮಚ್ಚೆ. ಹಕ್ಕಿ ನೋಡಿಯೂ ಬಿಟ್ಟುಹೋಗುತ್ತದೆ. ಬೆಳೆದು ದಪ್ಪಗಾದ ಮೇಲೆ ಆ ವೇಷ ನಡೆಯುವುದಿಲ್ಲ. ಕೊನೆಯ ಸಲ ಪೊರೆ ಕಳಚಿದಾಗ ಎಲೆ ಹಸಿರಾಗುತ್ತದೆ, ಬೆನ್ನಿನ ಮೇಲೆ ಎರಡು ಸುಳ್ಳು ಕಣ್ಣು ಮೂಡುತ್ತವೆ. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇರುವೆ, ಕಣಜಗಳನ್ನು ದೂರ ಇಡುವ ಉಪಾಯ ಅದು. ಮನುಷ್ಯರಿಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ಧೈರ್ಯವಾಗಿ ತೋರಿಸಬಹುದು. ಎಲೆ ಖಾಲಿ ಆಗುತ್ತದಲ್ಲ ಅಂತ ಬೇಜಾರು ಬೇಡ. ಬುಡ ಗಟ್ಟಿಯಾದ ಕರಿಬೇವು ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ಒಂದು, ಹುಳಕ್ಕೆ ಒಂದು ಅಂತ ಎರಡು ಗಿಡ ಇಟ್ಟರೆ ಜಗಳವೇ ಇಲ್ಲ.

ಕಾಮನ್ ಮಾರ್ಮನ್ ಹೆಣ್ಣುಗಳು ಎಲ್ಲವೂ ಒಂದೇ ಥರ ಕಾಣುವುದಿಲ್ಲ. ಕೆಲವು ಗಂಡಿನ ಹಾಗೇ ಇರುತ್ತವೆ. ಇನ್ನು ಕೆಲವು ಕೆಂಪು, ಬಿಳಿ ಮಚ್ಚೆ ಹೊತ್ತು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯ ವೇಷ ಹಾಕುತ್ತವೆ. ಕಾಮನ್ ರೋಸ್‌ನ ಮೈಯಲ್ಲಿ ವಿಷ ಇದೆ, ಒಮ್ಮೆ ತಿಂದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಆ ಹೆದರಿಕೆಯ ಲಾಭ ಈ ಹೆಣ್ಣುಗಳಿಗೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು ಇದರ ಗುಟ್ಟನ್ನೇ. ಇಡೀ ವೇಷವನ್ನು ನಡೆಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್. ಗಂಡು ಹೆಣ್ಣಿನ ವ್ಯತ್ಯಾಸ ರೂಪಿಸುವ ಹಳೇ ಜೀನೇ ಇಲ್ಲಿ ರೆಕ್ಕೆಯ ಬಣ್ಣದ ಕೆಲಸವನ್ನೂ ವಹಿಸಿಕೊಂಡಿದೆ. ಇಂಥ ಸಂಗತಿ ಕರಿಬೇವಿನ ಗಿಡದ ಮೇಲೆ ನಡೆಯುತ್ತಿದೆ ಅಂದರೆ ನನಗಂತೂ ಇವತ್ತಿಗೂ ಆಶ್ಚರ್ಯ.

ಆ ನಿಜವಾದ ಕಾಮನ್ ರೋಸ್ ಕೂಡ ಬರಬೇಕಾದರೆ ಈಶ್ವರಿ ಬಳ್ಳಿ ಬೇಕು. ಕ್ರಿಮ್ಸನ್ ರೋಸ್ ಚಿಟ್ಟೆಗೂ ಅದೇ. ಅರೆ ನೆರಳಿನಲ್ಲಿ ಬೇಲಿಗೋ ಕಿಟಕಿ ಸರಳಿಗೋ ಹಬ್ಬಿಸಬಹುದು. ಹುಳಕ್ಕೆ ವಿಷ ಸಿಗುವುದು ಈ ಬಳ್ಳಿಯಿಂದಲೇ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಕಿಡ್ನಿಗೆ ಹಾನಿ ಮಾಡುತ್ತದೆ. ಹಳ್ಳಿ ಕಡೆ ಹಾವಿನ ವಿಷಕ್ಕೆ ಮದ್ದು ಅಂತ ಹೇಳುವುದುಂಟು, ಖಂಡಿತ ಕಷಾಯ ಮಾಡಿ ಕುಡಿಯಬೇಡಿ.

ಸಂಕ್ರಾಂತಿಗೆ ತಂದ ಅರಿಶಿನದ ಗಿಡದ ಗೆಡ್ಡೆಯನ್ನು ಬಿಸಾಡದೆ ಮಾವಿನ ನೆರಳಲ್ಲಿ ಹೂತಿಡಿ. ಮುಂಗಾರಿಗೆ ಚಿಗುರುತ್ತದೆ. ಎಲೆಯ ಅಂಚು ಮಡಚಿ ಸುರುಳಿಯಾಗಿದ್ದರೆ ಒಳಗೆ ಗ್ರಾಸ್ ಡೀಮನ್ ಎಂಬ ಪುಟ್ಟ ಚಿಟ್ಟೆಯ ಹುಳ ಕೂತಿದೆ ಅಂತ ಅರ್ಥ. ಅರಿಶಿನ, ಶುಂಠಿ, ಸುಗಂಧಿ ಎಲ್ಲ ಅದಕ್ಕೆ ಇಷ್ಟ. ಮಧ್ಯಾಹ್ನದ ಬಿಸಿಲಿಲ್ಲದ ಕಡೆಯೇ ಈ ಗಿಡಗಳಿಗೂ ಸುಖ. ಗೋಡೆ ಪಕ್ಕ ಜಾಗ ಇದ್ದರೆ ಸ್ಫಟಿಕದ ಗಿಡ ಹಾಕಿ. ಲೆಮನ್ ಪ್ಯಾನ್ಸಿಯ ಹುಳ ಅದರ ಎಲೆ ತಿನ್ನುತ್ತದೆ, ನಿಮಗೆ ಪೂಜೆಗೆ ಹೂವೂ ಆಯಿತು.

ಎಲ್ಲವನ್ನೂ ನಾವೇ ನೆಡಬೇಕಾಗಿಲ್ಲ. ಕಾಂಪೌಂಡಿನ ಆಚೆ ಒಮ್ಮೆ ಕಣ್ಣು ಹಾಯಿಸಿ. ಬೀದಿಯಲ್ಲಿ ಸಂಪಿಗೆ ಮರ ಇದ್ದರೆ, ನೆಟ್ಟಗೆ ಕಂಬದ ಹಾಗೆ ಬೆಳೆಯುವ ಅಶೋಕ ಇದ್ದರೆ, ಟೇಲ್ಡ್ ಜೇ ಅಲ್ಲೇ ಸಂಸಾರ ಮಾಡಿಕೊಂಡಿರುತ್ತದೆ. ಕಪ್ಪು ರೆಕ್ಕೆಯ ತುಂಬ ಹಸಿರು ಚುಕ್ಕೆ ಇರುವ, ಹೂವಿನ ಮೇಲೆ ಕೂತರೂ ರೆಕ್ಕೆ ಅದುರಿಸುತ್ತಲೇ ಇರುವ ಚಿಟ್ಟೆ ಅದು. ಅದಕ್ಕೆ ನಿಮ್ಮ ಮನೆಯಲ್ಲಿ ಸ್ವಲ್ಪ ಮಕರಂದ ಸಿಕ್ಕರೆ ಸಾಕು.

ಈಗ ಹೂವಿಗೆ ಬರೋಣ. ಇರುವ ಎರಡು ಗಂಟೆ ಬಿಸಿಲನ್ನು ಪೂರ್ತಿ ಹೂವಿಗೇ ಮೀಸಲಿಡಿ. ಕಾರಣ ಇದೆ. ಚಿಟ್ಟೆಗೆ ನಮ್ಮ ಹಾಗೆ ಮೈಯನ್ನು ಒಳಗಿನಿಂದ ಬೆಚ್ಚಗಿಡಲು ಆಗುವುದಿಲ್ಲ. ಚೆನ್ನಾಗಿ ಹಾರಬೇಕಾದರೆ ಎದೆಯ ಸ್ನಾಯು ಸುಮಾರು 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರಬೇಕು. ಡಿಸೆಂಬರಿನ ಬೆಳಿಗ್ಗೆ ಮೈಸೂರು 20 ಡಿಗ್ರಿಗಿಂತ ತಣ್ಣಗಿರುತ್ತದೆ. ಹಾಗಾಗಿ ಅದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಒಂದು ಚಪ್ಪಡಿ ಕಲ್ಲು, ಅದರ ಪಕ್ಕದಲ್ಲೇ ಹೂವು ಇದ್ದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಬಿಸಿಲಿನ ಜಾಗ ಗುರುತಿಸುವಾಗ ಒಂದೇ ದಿನ ನೋಡಿ ನಿರ್ಧಾರ ಮಾಡಬೇಡಿ. ನಾವಿರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ಮೂರನೇ ವಾರದವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಉಳಿದಂತೆ ದಕ್ಷಿಣಕ್ಕೆ. ಮನೆಯ ಉತ್ತರದ ಓಣಿ ಜೂನ್‌ನಲ್ಲಿ ಬಿಸಿಲು ಕಂಡು ಡಿಸೆಂಬರಿನಲ್ಲಿ ಪೂರ್ತಿ ನೆರಳಾಗುವುದು ಇದಕ್ಕೇ. ಹೂವಿನ ಗಿಡಗಳನ್ನು ಕುಂಡದಲ್ಲಿ ಬೆಳೆಸಿದರೆ ಬಿಸಿಲಿನ ಹಿಂದೆಯೇ ಜರುಗಿಸಬಹುದು.

ಅರೆ ನೆರಳಿಗೆ ನಾನು ಹೇಳುವ ಹೂವು ಇಕ್ಸೋರ, ಕರಾವಳಿಯವರ ಕೇಪಳ. ಉದ್ದನೆಯ ಸಣ್ಣ ಕೊಳವೆಯ ಹೂವು, ಚಿಟ್ಟೆಯ ಹೀರುಕೊಳವೆಗೆ ಹೇಳಿ ಮಾಡಿಸಿದ್ದು. ಗೊಂಚಲಾಗಿ ಇರುವುದರಿಂದ ಒಂದೇ ಕಡೆ ಕೂತು ಹತ್ತಾರು ಹೂವು ಕುಡಿಯಬಹುದು. ಮಾರ್ಮನ್ ಬಳಗದ ದೊಡ್ಡ ಚಿಟ್ಟೆಗಳಿಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಪಗೋಡ ಹೂವಿನ ಕೆಂಪು ಗೊಂಚಲಿಗೂ ಅವು ಮುಗಿಬೀಳುತ್ತವೆ, ಅದಂತೂ ನೆರಳಿನ ಗಿಡವೇ. ಪೆಂಟಾಸ್ ಕೂಡ ಆಗಬಹುದು. ಒಂದೊಂದು ಬಗೆಯನ್ನು ಒಂದೊಂದು ಮೂಲೆಯಲ್ಲಿ ಇಡುವ ಬದಲು ಒಂದೇ ಬಗೆಯ ಮೂರು ನಾಲ್ಕು ಗಿಡ ಒತ್ತಟ್ಟಿಗೆ ಇಡಿ, ದೂರಕ್ಕೆ ಕಾಣುತ್ತದೆ. ಎಸಳು ತುಂಬಿಸಿ ಮಾಡಿದ ಹೈಬ್ರಿಡ್ ಹೂವು ನೋಡಲು ಚೆಂದ, ಆದರೆ ಬಹಳ ಸಲ ಮಕರಂದಕ್ಕೆ ದಾರಿಯೇ ಇರುವುದಿಲ್ಲ. ಲಂಟಾನ ಮಾತ್ರ ಬೇಡವೇ ಬೇಡ. ಚಿಟ್ಟೆ ಬರುವುದು ನಿಜ, ಆದರೆ ಹಕ್ಕಿಗಳು ಅದರ ಹಣ್ಣು ತಿಂದು ಬೀಜ ಹರಡುತ್ತವೆ. ಬಂಡೀಪುರ, ನಾಗರಹೊಳೆಗಳಲ್ಲಿ ಅದು ಕಾಡನ್ನು ಹೇಗೆ ನುಂಗಿದೆ ಅಂತ ಸಫಾರಿಗೆ ಹೋದವರೆಲ್ಲ ನೋಡಿರುತ್ತೀರಿ.

ಹೂವಿನ ಗೊಡವೆಗೇ ಹೋಗದ, ನೆರಳನ್ನೇ ಬಯಸುವ ಚಿಟ್ಟೆಗಳೂ ಇವೆ. ಇವುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವುದು ನನಗೆ ಬೇಸರ. ಕಾಮನ್ ಈವ್ನಿಂಗ್ ಬ್ರೌನ್ ಅಂಥದ್ದು. ಹಗಲೆಲ್ಲ ತರಗೆಲೆಯ ಮೇಲೆ ತರಗೆಲೆಯಾಗಿ ಕೂತು, ದೀಪ ಹಚ್ಚುವ ಹೊತ್ತಿಗೆ ಎದ್ದು ಹಾರುತ್ತದೆ. ಹುಳ ಹುಲ್ಲು, ಭತ್ತದ ಎಲೆ ತಿನ್ನುತ್ತದೆ, ಹಾಗಾಗಿ ಮಂಡ್ಯದ ಗದ್ದೆ ಬಯಲಿನ ಊರುಗಳಲ್ಲಿ ಇದು ತೀರಾ ಮಾಮೂಲು. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ರೆಕ್ಕೆಯ ಅಡಿಯಲ್ಲಿ ಸಾಲು ಸಾಲು ಕಣ್ಣಿನ ಮಚ್ಚೆ. ಬೇಸಿಗೆಯ ಕಡೆ ಹುಟ್ಟಿದ್ದಕ್ಕೆ ಆ ಮಚ್ಚೆಗಳು ಅಳಿಸಿಹೋದಂತಿದ್ದು, ರೆಕ್ಕೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿರುತ್ತದೆ. ಜಾತಿ ಒಂದೇ, ಬೆಳೆದ ಕಾಲ ಬೇರೆ ಅಷ್ಟೆ.

ಮಾವಿನ ಎಲೆಯಲ್ಲಿ ಬ್ಯಾರನ್ ಚಿಟ್ಟೆಯ ಹುಳ ಇರುತ್ತದೆ. ಮೈಯ ಎರಡೂ ಕಡೆ ಗರಿಯಂಥ ಹಸಿರು ಮುಳ್ಳು, ಬೆನ್ನ ಮೇಲೆ ತಿಳಿ ಬಣ್ಣದ ಗೆರೆ. ಎಲೆಯ ನಡುನರದ ಮೇಲೆ ಸರಿಯಾಗಿ ಮಲಗಿದರೆ ಆ ಗೆರೆ ನರದ ಜೊತೆ ಬೆರೆತುಹೋಗುತ್ತದೆ. ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ತೆಂಗು, ಅಡಿಕೆಯಲ್ಲಿ ಪಾಮ್‌ಫ್ಲೈ ಎಂಬ ಚಿಟ್ಟೆ ಬೆಳೆಯುತ್ತದೆ. ಇವಕ್ಕೆಲ್ಲ ಕಳಿತ ಬಾಳೆಹಣ್ಣು, ಹಲಸಿನ ತ್ಯಾಜ್ಯ, ಬಿದ್ದ ಸೀಬೆಹಣ್ಣು ಅಂದರೆ ಪ್ರಾಣ. ಮರದ ಬುಡದಲ್ಲಿ ಒಂದು ತಟ್ಟೆ ಇಡಿ. ಮೂಲೆಯ ತರಗೆಲೆಯನ್ನು ಗುಡಿಸಿ ಸುಡಬೇಡಿ. ನಲ್ಲಿಯ ಕೆಳಗೆ ಒಂದಿಷ್ಟು ಒದ್ದೆ ಮಣ್ಣು ಇರಲಿ, ಗಂಡು ಚಿಟ್ಟೆಗಳು ಉಪ್ಪಿನಂಶ ಹೀರಲು ಬರುತ್ತವೆ.

ಇನ್ನು ಔಷಧಿಯ ಮಾತು. ನರ್ಸರಿ ಗಿಡಕ್ಕೆ ಕೀಟನಾಶಕ ಹೊಡೆದಿರುವ ಸಾಧ್ಯತೆ ಇರುತ್ತದೆ. ಕೊಳ್ಳುವಾಗಲೇ ಕೇಳಿ, ಹೊಡೆಯದ ಗಿಡವನ್ನೇ ಆರಿಸಿ. ಬೇವಿನೆಣ್ಣೆ ಸಾವಯವ, ಅದರಿಂದ ಏನಾಗುತ್ತದೆ ಅಂತ ಸುಮ್ನೆ ಎಲ್ಲ ಗಿಡಕ್ಕೂ ಹೊಡೆಯುವವರಿದ್ದಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳ ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಬೇಡದ ಹುಳ, ಬೇಕಾದ ಹುಳ ಅನ್ನುವ ಭೇದ ಅದಕ್ಕಿಲ್ಲ. ಕರಿಬೇವಿನ ಕುಡಿಗೆ ಹೇನು ಹತ್ತಿದ್ದರೆ ಮೊದಲು ಮೊಟ್ಟೆ, ಮರಿಹುಳ ಇಲ್ಲ ಅಂತ ನೋಡಿಕೊಂಡು, ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆದರೆ ಸಾಕು.