ಮೇನ್ ಮೆಥಡ್ ಎಲ್ಲಿ ಹೋಯ್ತು ಸರ್?

ಪ್ರತಿ ಬ್ಯಾಚಲ್ಲೂ ಎರಡನೇ ದಿನ ಈ ಪ್ರಶ್ನೆ ಬಂದೇ ಬರುತ್ತೆ. ಮೇನ್ ಅಂದ್ರೆ ಪ್ರೋಗ್ರಾಂ ಓಡೋಕೆ ಶುರುವಾಗೋ ಜಾಗ. ಶಿವಮೊಗ್ಗದ ಸವಳಂಗ ರೋಡ್ ಕಡೆ ಒಂದು ಬಾಡಿಗೆ ರೂಮಲ್ಲಿ ಶನಿವಾರ ಭಾನುವಾರ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡ್ತೀನಿ, ಬರೋರು ಹೆಚ್ಚಿನವ್ರು ಇಂಜಿನಿಯರಿಂಗ್ ಮುಗಿಸಿದ ಹುಡುಗ್ರು ಹುಡುಗೀರು, ಒಬ್ಬಿಬ್ರು ಸಾಗರ, ತೀರ್ಥಹಳ್ಳಿ ಕಡೆಯಿಂದ ಬೆಳಗ್ಗೆ ಮೊದಲ ಬಸ್ ಹಿಡಿದು ಬರ್ತಾರೆ. ಕ್ಲಾಸು, ಇಂಟರ್‌ಫೇಸು, ಕಲೆಕ್ಷನ್ಸು ಎಲ್ಲ ಬಾಯಿಪಾಠ. ಆದ್ರೆ ಪ್ಲಗಿನ್‌ಗಳಿಂದ, ಅಂದ್ರೆ ಬೇಕಾದಾಗ ಸೇರಿಸೋ ತೆಗೆಯೋ ತುಂಡುಗಳಿಂದ, ಕಟ್ಟೋ ಡೆಸ್ಕ್‌ಟಾಪ್ ಅಪ್ಲಿಕೇಶನ್‌ದು ಒಂದು ಖಾಲಿ ಪ್ರಾಜೆಕ್ಟ್ ತೆಗೆದು ಮುಂದಿಟ್ಟರೆ ಮುಖ ಮುಖ ನೋಡ್ಕೋತಾರೆ, ಎಲ್ಲ ಫೈಲ್ ತೆಗೆದು ಹುಡುಕ್ತಾರೆ, ಆಮೇಲೆ ಯಾರಾದ್ರೂ ಒಬ್ರು ಕೇಳ್ತಾರೆ: "ಸರ್, ಮೇನ್ ಎಲ್ಲಿ?"

ಮೇನ್ ಇದೆ ಮಾರಾಯ್ರೆ, ಆದ್ರೆ ಅದು ನಿಮ್ಮದಲ್ಲ. ಅದು ನಮ್ಮ ಕೈಯಿಂದ ಹೋಗಿದ್ದಕ್ಕೆ ಹತ್ತತ್ರ 30 ವರ್ಷದ ಕಥೆ ಇದೆ, ಅದನ್ನ ಹೇಳದೆ ಈ ಟ್ರೈನಿಂಗ್ ಮುಂದಕ್ಕೇ ಹೋಗಲ್ಲ ಅಂತ ನನಗೆ ತಡವಾಗಿ ಗೊತ್ತಾಯ್ತು. ಮೊದಮೊದಲು ನಾನೂ ಸ್ಕ್ರೀನ್‌ಶಾಟ್ ಹಾಕಿ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಅಂತ ಕಲಿಸ್ತಿದ್ದೆ. ವರ್ಷನ್ ಬದಲಾಯ್ತು ಅಂದ್ರೆ ಅದೆಲ್ಲ ನೀರಲ್ಲಿ ಹೋಮ.

ಜಾವಾ 1.0 ಬಂದಿದ್ದು 1996ರ ಜನವರಿಯಲ್ಲಿ. ಅದೇ ವರ್ಷ ಪ್ರಾಗ್‌ನ ಚಾರ್ಲ್ಸ್ ಯುನಿವರ್ಸಿಟಿ ಸ್ಟೂಡೆಂಟ್ಸ್ ಕೆಲವರು ಡೆಲ್ಫಿ ಅನ್ನೋ ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್ ತರದ್ದೊಂದು ಟೂಲ್ ಜಾವಾಗೂ ಇರ್ಲಿ ಅಂತ ಝೆಲ್ಫಿ ಅನ್ನೋ ಪ್ರಾಜೆಕ್ಟ್ ಶುರು ಮಾಡಿದ್ರು, ಅದೇ ಮುಂದೆ ನೆಟ್‌ಬೀನ್ಸ್ ಆಯ್ತು, 1999ರಲ್ಲಿ ಜಾವಾ ಮಾಡಿದ ಸನ್ ಕಂಪನಿ ಕೊಂಡುಕೊಳ್ತು, 2000ದಲ್ಲಿ ಓಪನ್ ಸೋರ್ಸ್ ಆಯ್ತು, ಅಂದ್ರೆ ಅದರ ಕೋಡ್ ಯಾರು ಬೇಕಾದ್ರೂ ತಗೊಂಡು ಬದಲಾಯಿಸಬಹುದು. ಇಲ್ಲೊಂದು ತಮಾಷೆ ಆಯ್ತು ನೋಡಿ. ಇದು ಕೋಡ್ ಬರೆಯೋಕೆ ಅಂತ ಮಾಡಿದ ಸಾಫ್ಟ್‌ವೇರು, ಆದ್ರೆ ಜನ ಅದರೊಳಗಿನ ಎಡಿಟರ್, ಕಂಪೈಲರ್ ಎಲ್ಲ ಕಿತ್ತು ಪಕ್ಕಕ್ಕಿಟ್ಟು, ಉಳಿದ ಚೌಕಟ್ಟಿಗೆ, ಅಂದ್ರೆ ವಿಂಡೋ, ಮೆನು, ಸೆಟ್ಟಿಂಗ್ಸ್, ಪ್ಲಗಿನ್ ಹಾಕೋ ವ್ಯವಸ್ಥೆಗೆ, ತಮ್ಮ ಮಾಡ್ಯೂಲ್ ಸೇರಿಸಿ ಬೇರೇನೇ ಅಪ್ಲಿಕೇಶನ್ ಮಾಡೋಕೆ ಶುರು ಮಾಡಿದ್ರು. ಯಾರೂ ಪ್ಲ್ಯಾನ್ ಮಾಡಿದ್ದಲ್ಲ.

ಕೋಡ್ ಬರೆಯೋ ಇನ್ನೊಂದು ಸಾಫ್ಟ್‌ವೇರ್ ಎಕ್ಲಿಪ್ಸ್‌ನಲ್ಲೂ ಇದೇ ಕಥೆ. 2001ರ ನವೆಂಬರ್‌ನಲ್ಲಿ ಐಬಿಎಂ ಅದನ್ನ ಓಪನ್ ಸೋರ್ಸ್ ಮಾಡ್ತು, ಅಲ್ಲೂ ಜನ ಒಳಗಿನ ಭಾಗ ತೆಗೆದು ತಮ್ಮ ಅಪ್ಲಿಕೇಶನ್ ಕಟ್ಟಿದ್ರು, ಕೊನೆಗೆ 2004ರ ಜೂನ್‌ನಲ್ಲಿ ಎಕ್ಲಿಪ್ಸ್ 3.0 ಬಂದಾಗ ಆ ಚೌಕಟ್ಟಿಗೇ ಒಂದು ಹೆಸರು ಕೊಟ್ಟು ರಿಚ್ ಕ್ಲೈಂಟ್ ಪ್ಲಾಟ್‌ಫಾರ್ಮ್ ಅಂದ್ರು. ಅದೇ ರಿಲೀಸಲ್ಲಿ ತಮ್ಮ ಹಳೇ ಪ್ಲಗಿನ್ ಇಂಜಿನ್ ಬಿಟ್ಟು ಓಎಸ್‌ಜಿಐ ಅನ್ನೋ, ಜಾವಾ ತುಂಡುಗಳನ್ನ ಜೋಡಿಸೋ ನಿಯಮಗಳ ವ್ಯವಸ್ಥೆಗೆ ಹೋದ್ರು. ಓಎಸ್‌ಜಿಐ ಹುಟ್ಟಿದ್ದು 1999ರಲ್ಲಿ, ಡೆಸ್ಕ್‌ಟಾಪಿಗಲ್ಲ, ಮನೆಯಲ್ಲಿ ಇಡೋ ಇಂಟರ್ನೆಟ್ ಗೇಟ್‌ವೇ ಪೆಟ್ಟಿಗೆಗಳಿಗೆ, ಆ ಪೆಟ್ಟಿಗೆ ಆಫ್ ಮಾಡದೆ ಒಳಗಿನ ಒಂದೊಂದು ತುಂಡನ್ನ ಹಾಕೋದು ತೆಗೆಯೋದು ಮಾಡಬೇಕು ಅಂತ.

ಇದು ಯಾಕೆ ಬೇಕಾಯ್ತು? ಜಾವಾದಲ್ಲಿ ಕ್ಲಾಸ್‌ಪಾತ್ ಅಂತ ಒಂದಿದೆಯಲ್ಲ, ಕ್ಲಾಸ್‌ಗಳನ್ನ (ಕೋಡಿನ ತುಂಡುಗಳನ್ನ) ಎಲ್ಲೆಲ್ಲಿ ಹುಡುಕಬೇಕು ಅನ್ನೋ ಪಟ್ಟಿ, ಅದು ಒಂದೇ ಉದ್ದನೆ ಸಾಲು. ಒಂದೇ ಹೆಸರಿನ ಕ್ಲಾಸ್ ಎರಡು ಜಾರ್‌ನಲ್ಲಿ (ಕ್ಲಾಸ್‌ಗಳನ್ನ ಕಟ್ಟಿಟ್ಟ ಫೈಲ್) ಇದ್ರೆ ಸಾಲಲ್ಲಿ ಮೊದಲು ಸಿಕ್ಕಿದ್ದೇ ಗತಿ. ನನ್ನ ಪ್ಲಗಿನ್‌ಗೆ ಒಂದು ಲೈಬ್ರರಿಯ ಹಳೇ ವರ್ಷನ್ ಬೇಕು, ನಿಮ್ಮದಕ್ಕೆ ಹೊಸದು ಬೇಕು, ಇಬ್ರೂ ಒಂದೇ ಅಪ್ಲಿಕೇಶನ್ ಒಳಗೆ ಬಂದ್ರೆ ಒಬ್ಬರದ್ದು ಬಿದ್ದ ಹಾಗೇ. ಓಎಸ್‌ಜಿಐ ಏನ್ ಮಾಡ್ತು ಅಂದ್ರೆ ಪ್ರತಿ ಬಂಡಲ್‌ಗೂ (ಅಲ್ಲಿ ಪ್ಲಗಿನ್ನಿಗೆ ಇರೋ ಹೆಸರು) ಅದರದ್ದೇ ಕ್ಲಾಸ್‌ಲೋಡರ್, ಅಂದ್ರೆ ಕ್ಲಾಸ್ ಹುಡುಕಿ ಮೆಮೊರಿಗೆ ತರೋ ಭಾಗ, ಕೊಡ್ತು. ನನ್ನ ಯಾವ ಪ್ಯಾಕೇಜ್ (ಕ್ಲಾಸ್‌ಗಳ ಗುಂಪು) ಹೊರಗಿನವ್ರಿಗೆ ಕಾಣಬೇಕು, ನನಗೆ ಯಾರದ್ದು ಬೇಕು ಅಂತ ಮ್ಯಾನಿಫೆಸ್ಟ್ ಫೈಲಲ್ಲಿ ಬರೀಬೇಕು. ಬರೀಲಿಲ್ಲ ಅಂದ್ರೆ ಜಾರ್ ಫೋಲ್ಡರ್‌ನಲ್ಲಿ ಕಣ್ಣೆದುರೇ ಇದ್ರೂ ಕ್ಲಾಸ್ ಸಿಗಲಿಲ್ಲ ಅಂತ ಎರರ್. ನಮ್ಮ ರೂಮಲ್ಲಿ ಅತಿ ಹೆಚ್ಚು ಹೊತ್ತು ಹಾಳಾಗೋದು ಇಲ್ಲೇ. "ಸರ್ ಇಲ್ಲೇ ಇದೆಯಲ್ಲ, ನೋಡಿ" ಅಂತ ಜಾರ್ ತೆಗೆದು ತೋರಿಸ್ತಾರೆ ಪಾಪ.

ಇನ್ನು ಆ ಮೇನ್ ವಿಷಯ. ಎಕ್ಲಿಪ್ಸ್‌ನಲ್ಲಿ ಪ್ರತಿ ಪ್ಲಗಿನ್ ಜೊತೆ ಒಂದು ಎಕ್ಸ್‌ಎಂಎಲ್ ಫೈಲ್ ಇಡ್ತೀವಿ, ನನ್ನ ಹತ್ರ ಈ ಮೆನು ಇದೆ, ಒತ್ತಿದ್ರೆ ಈ ಕ್ಲಾಸ್ ಕರೀರಿ ಅಂತ. ಅಪ್ಲಿಕೇಶನ್ ಶುರುವಾದಾಗ ಆ ಫೈಲ್ ಮಾತ್ರ ಓದಿ ಮೆನು ಬರೆದುಬಿಡುತ್ತೆ, ಬಳಸೋರು ಒತ್ತೋ ತನಕ ನಿಮ್ಮ ಕೋಡ್ ಮೆಮೊರಿಗೇ ಬರಲ್ಲ, ನೂರಾರು ಪ್ಲಗಿನ್ ಇದ್ರೂ ಶುರುವಾಗೋದು ಅಷ್ಟು ತಡ ಆಗದೆ ಇರೋದು ಇದಕ್ಕೇ. ತೀರ್ಥಹಳ್ಳಿ ಕಡೆಯ ಹುಡುಗ್ರಿಗೆ ಯಕ್ಷಗಾನದಿಂದ ಹೇಳಿದ್ರೆ ಬೇಗ ತಲೆಗೆ ಹೋಗುತ್ತೆ. ವೇಷಧಾರಿ ಚೌಕಿಯಲ್ಲಿ ಬಣ್ಣ ಹಚ್ಕೊಂಡು ಕೂತಿರ್ತಾನೆ, ತನ್ನ ಪದ ಬರೋ ತನಕ ರಂಗಸ್ಥಳಕ್ಕೆ ಬರೋ ಹಾಗಿಲ್ಲ, ಇಡೀ ಆಟ ನಡೆಸೋರು ಭಾಗವತರು. ಮೇನ್ ಭಾಗವತರ ಕೈಯಲ್ಲಿದೆ, ನೀವು ವೇಷ. ಒಬ್ಬ ಹುಡುಗ "ಹಂಗಾದ್ರೆ ನಾವು ಭಾಗವತರಾಗೋದು ಯಾವಾಗ ಸರ್" ಅಂದ. ಅದು ಐದನೇ ವಾರ ಅಂದೆ.

ಐದನೇ ವಾರ ಅಡಿಕೆ ಮಂಡಿ ಎಕ್ಸರ್‌ಸೈಜ್. ಶಿವಮೊಗ್ಗದಲ್ಲಿ ಇದ್ದು ಬ್ಯಾಂಕ್ ಅಕೌಂಟು, ಲೈಬ್ರರಿ ಬುಕ್ಕು ಅಂತ ಉದಾಹರಣೆ ಕೊಡೋದು ನನಗೆ ಸೇರಲ್ಲ. ತೂಕ, ರೇಟು, ಬಿಲ್ಲು ಇರೋ ಒಂದು ಚಿಕ್ಕ ಅಪ್ಲಿಕೇಶನ್, ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನೋ ಅಡಿಕೆ ಗ್ರೇಡ್ ಒಂದೊಂದೂ ಬೇರೆ ಪ್ಲಗಿನ್, ತೆರಿಗೆ ಲೆಕ್ಕ ಇನ್ನೊಂದು ಪ್ಲಗಿನ್. 2017ರ ಜುಲೈ 1ಕ್ಕೆ ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗ ಏನೇನು ಬದಲಾಯಿಸಬೇಕಿತ್ತು ಅಂತ ಕೇಳ್ತೀನಿ. ತೆರಿಗೆ ಪ್ಲಗಿನ್ ಒಂದೇ ಅಂತ ಉತ್ತರ ಬಂದ್ರೆ ಡಿಸೈನ್ ಸರಿ ಇದೆ. ಸುಮಾರು ಜನ ಬಿಲ್ ಕ್ಲಾಸ್ ಒಳಗೇ ರಾಶಿ ಆದ್ರೆ ಹೀಗೆ, ಬೆಟ್ಟೆ ಆದ್ರೆ ಹಾಗೆ ಅಂತ ಇಫ್ ಎಲ್ಸ್ ಪೋಣಿಸಿರ್ತಾರೆ. ಆಮೇಲೆ ಅಸಲು ಪರೀಕ್ಷೆ: ಒಂದು ಟೀಮಿನ ಇಂಟರ್‌ಫೇಸ್ ಜಾರ್, ಅಂದ್ರೆ ಏನೇನು ಕರೀಬಹುದು ಅನ್ನೋ ಪಟ್ಟಿ, ಮಾತ್ರ ಇನ್ನೊಂದು ಟೀಮಿಗೆ ಕೊಡೋದು, ಸೋರ್ಸ್ ಕೊಡಲ್ಲ, ಪಕ್ಕದಲ್ಲಿ ಕೂತು ಕೇಳೋ ಹಾಗೂ ಇಲ್ಲ, ಹೊಸ ಗ್ರೇಡಿನ ಪ್ಲಗಿನ್ ಬರೀರಿ. ಜಗಳ ಶುರುವಾಗೋದೇ ಆವಾಗ, ತೂಕ ಅಂದ್ರೆ ಕೇಜಿಯಾ ಕ್ವಿಂಟಾಲಾ ಅಂತ ಎಲ್ಲೂ ಬರೆದಿಲ್ಲ ಅಂತ. ನನ್ನ ಪ್ರಕಾರ ಈ ಕೋರ್ಸಲ್ಲಿ ಕಲಿಸೋದು ಇದೊಂದೇ, ಮುಖ ನೋಡದೇ ಇರೋರಿಗೆ ಜಾಗ ಬಿಟ್ಟು ಕೋಡ್ ಬರೆಯೋದು. ಟೂಲ್ ಯಾವುದಾದ್ರೇನು.

ಟೂಲ್ ಕಲಿಸೋ ಕೋರ್ಸುಗಳೂ ಒಂದು ಕಾಲದಲ್ಲಿ ಜೋರಾಗಿದ್ವು. ನೆಟ್‌ಬೀನ್ಸ್ ಪ್ಲಾಟ್‌ಫಾರ್ಮಿಗೇ ಅಂತ ಸರ್ಟಿಫೈಡ್ ಟ್ರೈನಿಂಗ್ ಇತ್ತು, ಬೇರೆ ಬೇರೆ ದೇಶದ ಯುನಿವರ್ಸಿಟಿಗಳಲ್ಲಿ ಮಾಡ್ತಿದ್ರು. ಆಮೇಲೆ ಒಂದರ ಹಿಂದೆ ಒಂದು ಏಟು. 2010ರಲ್ಲಿ ಸನ್ ಒರಾಕಲ್ ಪಾಲಾಯ್ತು, ಎಲ್ರೂ ವೆಬ್ ಕಡೆ ಓಡಿದ್ರು, ಆಂಡ್ರಾಯ್ಡ್ ಕಲಿಯೋರು ಎಕ್ಲಿಪ್ಸ್ ಹಾಕ್ಕೊಳ್ತಿದ್ದದ್ದು 2013ರಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಘೋಷಣೆ ಆದ್ಮೇಲೆ ಮೆಲ್ಲಗೆ ನಿಂತೋಯ್ತು, ಅದು ಇಂಟೆಲಿಜೆ ಅನ್ನೋ ಬೇರೆ ಟೂಲ್ ಮೇಲೆ ಕಟ್ಟಿದ್ದು. 2016ರಲ್ಲಿ ಒರಾಕಲ್ ನೆಟ್‌ಬೀನ್ಸನ್ನ ಅಪಾಚೆ ಅನ್ನೋ ಓಪನ್ ಸೋರ್ಸ್ ಸಂಸ್ಥೆಗೆ ಬಿಟ್ಟುಕೊಡ್ತು. 2017ರ ಜಾವಾ 9ರಲ್ಲಿ ಭಾಷೆಗೇ ಮಾಡ್ಯೂಲ್ ವ್ಯವಸ್ಥೆ ಬಂತು, ಇನ್ನು ಓಎಸ್‌ಜಿಐ ಯಾಕೆ ಅಂದವ್ರು ತುಂಬಾ ಜನ, ಆದ್ರೆ ಅಪ್ಲಿಕೇಶನ್ ಓಡ್ತಿರುವಾಗಲೇ ತುಂಡು ಹಾಕಿ ತೆಗೆಯೋ ಕೆಲಸಕ್ಕೆ ಮಾಡಿದ್ದಲ್ಲ ಅದು. 2018ರ ಜಾವಾ 11ರಲ್ಲಿ ವೆಬ್‌ನಿಂದಲೇ ಅಪ್ಲಿಕೇಶನ್ ಓಡಿಸೋ ವೆಬ್ ಸ್ಟಾರ್ಟ್ ತೆಗೆದ್ರು, ವಿಂಡೋ ಬಟನ್ ಬರೆಯೋ ಜಾವಾಎಫ್‌ಎಕ್ಸ್ ಹೊರಗೆ ಹಾಕಿದ್ರು. ನನ್ನ ಅರ್ಧ ನೋಟ್ಸ್ ರದ್ದಿಗೆ.

ಆದ್ರೂ ಆ ವಿಚಾರ ಸತ್ತಿಲ್ಲ. ಇವತ್ತು ನಮ್ಮ ಹುಡುಗ್ರೆಲ್ಲ ಕೋಡ್ ಬರೆಯೋಕೆ ಬಳಸೋ ವಿಎಸ್ ಕೋಡ್ ಕಟ್ಟಿದ ಟೀಮ್ ನಡೆಸಿದ್ದು ಎರಿಕ್ ಗಾಮಾ, ಮುಂಚೆ ಎಕ್ಲಿಪ್ಸ್‌ನ ಜಾವಾ ಟೂಲ್ಸ್ ನೋಡ್ಕೊಂಡಿದ್ದೂ ಅವ್ರೇ. ಎಕ್ಸ್‌ಎಂಎಲ್ ಜಾಗದಲ್ಲಿ ಜೇಸನ್ ಅನ್ನೋ ಇನ್ನೊಂದು ರೀತಿಯ ಫೈಲ್ ಬಂದಿದೆ ಅಷ್ಟೇ, ಕರೆಯೋ ತನಕ ಚೌಕಿಯಲ್ಲಿ ಕೂರೋ ನಿಯಮ ಅದೇ. ಡೇಟಾಬೇಸ್ ನೋಡೋಕೆ ಬಳಸೋ ಡಿಬೀವರ್ ನಿಂತಿರೋದು ಎಕ್ಲಿಪ್ಸ್ ಚೌಕಟ್ಟಿನ ಮೇಲೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಆನ್‌ಲೈನ್ ನಕ್ಷೆ ತಿದ್ದೋ ಜೆಓಎಸ್‌ಎಂ ಕೂಡ ಜಾವಾ, ಅದಕ್ಕೂ ಪ್ಲಗಿನ್ ಇದೆ.

ವೆಬ್ ಇರುವಾಗ ಡೆಸ್ಕ್‌ಟಾಪ್ ಯಾಕೆ ಅಂತ ಬೆಂಗಳೂರಿನವ್ರು ಕೇಳಬಹುದು. ಜುಲೈನಲ್ಲಿ ಹೊಸನಗರದ ಕಡೆ ಬಂದು ನೋಡ್ಲಿ. ಮಳೆ ಹಿಡೀತು ಅಂದ್ರೆ ಕರೆಂಟ್ ಇಲ್ಲ, ಟವರ್ ಇಲ್ಲ, ಯುಪಿಎಸ್ ಮೇಲೆ ಒಂದು ಕಂಪ್ಯೂಟರ್ ಓಡ್ತಿರುತ್ತೆ, ಬಿಲ್ ಮಾತ್ರ ಆಗಲೇಬೇಕು. 2021ರ ಜಾವಾ 16ರಲ್ಲಿ ಜೆಪ್ಯಾಕೇಜ್ ಅನ್ನೋ ಟೂಲ್ ಪಕ್ಕಾ ಆದ್ಮೇಲೆ ಜಾವಾ ಸಮೇತ ಒಂದೇ ಇನ್‌ಸ್ಟಾಲರ್ ಮಾಡಿ ಕೊಡಬಹುದು, ಅಲ್ಲಿ ಬೇರೆ ಜಾವಾ ಹಾಕೋ ತಲೆಬಿಸಿ ಇಲ್ಲ. ಕಳೆದ ಬ್ಯಾಚಿನ ಒಬ್ಳು ಹೀಗೇ ಒಂದು ಬಿಲ್ಲಿಂಗ್ ಮಾಡಿ ಊರಲ್ಲಿ ಪರಿಚಯದವ್ರಿಗೆ ಕೊಟ್ಟಿದಾಳೆ. ಬದಲಾವಣೆ ಇದ್ರೆ ಹೊಸ ಪ್ಲಗಿನ್ ಜಾರ್ ಪೆನ್‌ಡ್ರೈವಿಗೆ ಹಾಕಿ ಊರಿಗೆ ಹೋಗೋ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತಾಳೆ, ಅವ್ರು ಅದನ್ನ ಪ್ಲಗಿನ್ಸ್ ಫೋಲ್ಡರಿಗೆ ಹಾಕಿ ಅಪ್ಲಿಕೇಶನ್ ಒಂದ್ಸಲ ಮುಚ್ಚಿ ತೆಗೀತಾರೆ, ಸಂಜೆ ಅದೇ ಬಸ್ಸಲ್ಲಿ ಪೆನ್‌ಡ್ರೈವ್ ವಾಪಸ್.